ಉಸಿರು ಹಿಡಿದ ಗಾಡಿ

"ಕಾಲ್ ಕೊಟ್ರೆ ಒಂದ್ ಗಳ್ಗೆ ಉಸ್ರು ಇಡ್ಕತದೆ ಸಾಬ್ರೆ. ಆಮ್ಯಾಕೆ ಎದ್ದು ಓಯ್ತದೆ. ಆ ಒಂದ್ ಗಳ್ಗೆಯೇ ನಂಗೆ ಬ್ಯಾಡ."

ಸಿದ್ದರಾಜು ಈ ಮಾತು ಹೇಳುತ್ತಿದ್ದದ್ದು ಆ ವಾರದಲ್ಲಿ ಮೂರನೆಯ ಸಲ. ಮಳವಳ್ಳಿಯ ರಿಪೇರಿ ಶೆಡ್ಡಿನ ಗಫಾರ್ ಬಸ್ಸಿನ ಬಾನೆಟ್ಟಿನೊಳಗೆ ಬಗ್ಗಿಸಿದ್ದ ತಲೆಯನ್ನು ಎತ್ತಲಿಲ್ಲ. ಎಂಜಿನ್ ಓಡುತ್ತಲೇ ಇತ್ತು. ಆಕ್ಸಿಲೇಟರಿನ ಸಲಾಕೆಯನ್ನು ಬೆರಳಿನಿಂದ ಎಳೆದ. ಎಂಜಿನ್ ಕೂಡಲೇ ಗುರ್ರೆಂದು ಏರಿತು. ಬಿಟ್ಟ, ಇಳಿಯಿತು. ಮತ್ತೆ ಎಳೆದ, ಮತ್ತೆ ಏರಿತು. ಎಲ್ಲಿಯೂ ಕೆಮ್ಮಿಲ್ಲ, ತಡವರಿಕೆ ಇಲ್ಲ. ಐದಾರು ಸಲ ಹಾಗೆ ಮಾಡಿ ತೋರಿಸಿ, ಗೋಣಿಯ ಚೂರಿಗೆ ಕೈ ಒರೆಸಿಕೊಳ್ಳುತ್ತ, ಇದರಲ್ಲಿ ಏನು ಕೆಟ್ಟಿದೆ ನೀನೇ ತೋರಿಸು ಎಂದ. ಸಿದ್ದರಾಜು ಬಸ್ಸಿನ ಡ್ರೈವರು. ಅವನಿಗೆ ಮೂವತ್ತೆರಡು ವರ್ಷ. ಯುದ್ಧದಲ್ಲಿ ಲಾರಿ ಓಡಿಸಿ ಬಂದವನು. ಹೆಚ್ಚು ಮಾತಿನವನಲ್ಲ. ಮೂರನೆಯ ಸಲವೂ ಸೋತ ಮುಖ ಹೊತ್ತು ಬಸ್ಸು ಹತ್ತಿ ಹೊರಟುಹೋದ.

ಆ ಬಸ್ಸು ಪೂರಿಗಾಲಿಯ ಕರಿಯಪ್ಪಗೌಡರದು. ದಿನಾ ಬೆಳಗ್ಗೆ ಆರೂವರೆಗೆ ಮಳವಳ್ಳಿ ಬಿಟ್ಟು, ಮದ್ದೂರಿನಲ್ಲಿ ಅರ್ಧ ಗಂಟೆ ನಿಂತು, ಮಂಡ್ಯ ಮುಟ್ಟಿ, ಸಂಜೆ ಅದೇ ದಾರಿಯಲ್ಲಿ ಮರಳುತ್ತಿತ್ತು. ಯುದ್ಧದ ವರ್ಷಗಳಲ್ಲಿ ಪೆಟ್ರೋಲು ಸಿಗದೆ, ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಅದರ ಹೊಗೆಯ ಮೇಲೆ ಓಡಿದ ಗಾಡಿ ಅದು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಹಳೆಯ ಕಾರ್ಬೊರೇಟರು ಕೆಲಸವಿಲ್ಲದೆ ಬಿದ್ದು, ಮಸಿ ತಿಂದು, ತುಕ್ಕು ಹಿಡಿದು, ಪೆಟ್ರೋಲು ಮತ್ತೆ ಸಿಗುವ ಹೊತ್ತಿಗೆ ಯಾವ ಪ್ರಯೋಜನಕ್ಕೂ ಬಾರದ್ದಾಗಿತ್ತು. ಹೊಸದು ಎಲ್ಲಿಯೂ ಇಲ್ಲ. ಆಗ ಗಫಾರನೇ ಬೆಂಗಳೂರಿಗೆ ಹೋಗಿ, ಮಿಲಿಟರಿಯವರು ಬೇಡವೆಂದು ರಾಶಿ ಹಾಕಿ ಮಾರುತ್ತಿದ್ದ ಸಾಮಾನಿನ ನಡುವೆ ಅರ್ಧ ದಿನ ಕೈಯಾಡಿಸಿ ಈಗಿನ ಕಾರ್ಬೊರೇಟರನ್ನು ಹುಡುಕಿ ತಂದಿದ್ದ. ಮೇಣದ ಕಾಗದ ಸುತ್ತಿ, ದಾರ ಕಟ್ಟಿ, ಡಬ್ಬಿಯಲ್ಲಿ ಇಟ್ಟದ್ದು ಇಟ್ಟ ಹಾಗೇ ಇತ್ತು. ಒಂದು ಸಲವೂ ಪೆಟ್ರೋಲು ಕಾಣದ ಮಾಲು. ಆ ಕಾಗದ ಬಿಡಿಸಿ ಗೌಡರಿಗೆ ತೋರಿಸಿದಾಗ ಅದು ಒಡವೆಯ ಹಾಗೆ ಹೊಳೆದಿತ್ತು. ಅದನ್ನು ಕೂಡಿಸಿ ಎರಡು ವಾರವಾಗಿತ್ತು.

ಹಾಗೆಂದು ಗಫಾರ್ ಸಿದ್ದರಾಜುವಿನ ಮಾತನ್ನು ಪೂರ್ತಿ ಕಡೆಗಣಿಸಿರಲಿಲ್ಲ. ಮೊದಲ ದಿನ ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದ, ಅವಕ್ಕೆ ಕಿಡಿ ಕೊಡುವ ಪಾಯಿಂಟು ಹೊಂದಿಸಿದ. ಎರಡನೆಯ ದಿನ, ಕಾರ್ಬೊರೇಟರು ಕೂತ ಜಾಗದಲ್ಲಿ ಎಲ್ಲಾದರೂ ಕಳ್ಳಗಾಳಿ ನುಗ್ಗುತ್ತಿದೆಯೋ ಎಂದು ಸುತ್ತ ಎಣ್ಣೆ ಬಿಟ್ಟು, ಸದ್ದು ಬದಲಾಗುತ್ತದೆಯೇ ಎಂದು ಕಿವಿಗೊಟ್ಟ. ಬದಲಾಗಲಿಲ್ಲ. ಮಾಡದೆ ಬಿಟ್ಟದ್ದು ಒಂದೇ ಕೆಲಸ: ಕಾರ್ಬೊರೇಟರಿನ ಮುಚ್ಚಳ ತೆಗೆದು ಒಳಗೆ ನೋಡಿರಲಿಲ್ಲ. ಹೊಸ ಮಾಲನ್ನು ಯಾರು ಬಿಚ್ಚುತ್ತಾರೆ? ಅಲ್ಲದೆ, ಬಿಚ್ಚಿ ನೋಡಿ ಏನಾದರೂ ಸಿಕ್ಕರೆ? ಆ ಯೋಚನೆ ಬಂದಾಗಲೆಲ್ಲ ಅವನು ಬೇರೆ ಕೆಲಸಕ್ಕೆ ಕೈ ಹಾಕುತ್ತಿದ್ದ.

ಸ್ವಾತಂತ್ರ್ಯ ಬಂದು ಮೂರು ತಿಂಗಳು ಕಳೆದಿದ್ದವು. ಉತ್ತರದಿಂದ ಬರುವ ಸುದ್ದಿಗಳು, ಅದರಲ್ಲೂ ರೈಲುಗಳ ಸುದ್ದಿ, ಕೇಳುವ ಹಾಗಿರಲಿಲ್ಲ. ಮಳವಳ್ಳಿಯಲ್ಲಿ ಗಫಾರನಿಗೆ ಯಾರೂ ಒಂದು ಕೆಟ್ಟ ಮಾತು ಆಡಿರಲಿಲ್ಲ. ಕಾಫಿ ಹೋಟೆಲಿನಲ್ಲಿ ಪೇಪರು ಓದಿ ಹೇಳುತ್ತಿದ್ದವರು ಅವನು ಒಳಗೆ ಬಂದ ಕೂಡಲೇ ಓದು ನಿಲ್ಲಿಸಿ ಕಬ್ಬಿನ ಮಾತಿಗೆ ಹೊರಳುತ್ತಿದ್ದರು, ಅಷ್ಟೆ. ಅದು ದಾಕ್ಷಿಣ್ಯವೋ ಮತ್ತೊಂದೋ ಅವನಿಗೆ ತಿಳಿಯುತ್ತಿರಲಿಲ್ಲ. ಬೈದಿದ್ದರೆ ಬೈದರು ಎಂದು ಗೊತ್ತಾಗುತ್ತಿತ್ತು. ಅವನ ಅಜ್ಜ ಇದೇ ಊರಿನಲ್ಲಿ ಗಾಡಿಯ ಚಕ್ರಕ್ಕೆ ಪಟ್ಟಿ ಹೊಡೆದವನು, ಅಪ್ಪ ಇಲ್ಲಿಯೇ ಮಣ್ಣಾದವನು. ಆದರೂ ಈಚೆಗೆ ರಸ್ತೆಯಲ್ಲಿ ಹಿಂದಿನಿಂದ ಯಾರಾದರೂ ಕೂಗಿದರೆ ಅವನ ಹೆಗಲು ತಾನಾಗಿ ಒಳಕ್ಕೆ ಸರಿಯುತ್ತಿತ್ತು.

ಬುಧವಾರ ಕರಿಯಪ್ಪಗೌಡರೇ ಶೆಡ್ಡಿಗೆ ಬಂದರು. ಚಪ್ಪಲಿಯನ್ನು ಹೊರಗೆ ಬಿಟ್ಟು ಬರುವುದು ಅವರ ರೂಢಿ. ಕಬ್ಬಿಣದ ಕೆಲಸ ಮಾಡುವ ಜಾಗವನ್ನು ಅವರು ಗುಡಿಯ ಹಾಗೆ ಕಾಣುತ್ತಿದ್ದರು. ಕಲ್ಲಿನ ಮೇಲೆ ಕೂತು, ಸುತ್ತುಬಳಸದೆ ಕೇಳಿದರು.

"ಗಫಾರ್, ಸಿದ್ರಾಜು ಒಂದ್ ಏಳ್ತಾನೆ, ನೀನ್ ಒಂದ್ ಏಳ್ತೀಯ. ನಂಗೆ ಇದೆಲ್ಲ ತಿಳಿಯಕಿಲ್ಲ. ಗಾಡೀಲಿ ತಪ್ಪು ಅದ್ಯೋ, ಓಡ್ಸೋನಲ್ಲಿ ತಪ್ಪು ಅದ್ಯೋ?"

ಗಾಡಿಯಲ್ಲಿ ಎಂದರೆ ಕಾರ್ಬೊರೇಟರು. ಕಾರ್ಬೊರೇಟರು ಎಂದರೆ ತಾನು. ಮೂವತ್ತು ಜನ ಕೂರುವ ಬಸ್ಸಿಗೆ ಸಾಬಿ ಕೆಟ್ಟ ಮಾಲು ಹಾಕಿದ ಎಂಬ ಒಂದು ಮಾತು ಈ ದಿನಗಳಲ್ಲಿ ಎಲ್ಲಿಂದ ಎಲ್ಲಿಗೆ ಹೋಗಿ ಮುಟ್ಟುತ್ತದೋ ಯಾರು ಬಲ್ಲರು.

"ಗಾಡಿ ಸರ್ಯಾಗೇ ಅದೆ ಗೌಡ್ರೆ" ಎಂದ.

ಗೌಡರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ಸಂಜೆಯ ಹೊತ್ತಿಗೆ ಸುದ್ದಿ ಬಂತು. ಸೋಮವಾರದಿಂದ ಬಸ್ಸಿಗೆ ಬೇರೆ ಡ್ರೈವರು, ಕೊಳ್ಳೇಗಾಲದ ಕಡೆಯವನಂತೆ. ಸಿದ್ದರಾಜುವಿಗೆ ಶನಿವಾರವೇ ಕೊನೆ.

ಊಟಕ್ಕೆ ಕೂತಾಗ ಜಾನ್ ಬೀ ಗಂಡನ ಮುಖ ನೋಡಿ ವಿಷಯ ಕೇಳಿದಳು. ಗಫಾರ್ ಹೇಳಿದ. ಅವಳು ತಟ್ಟೆಗೆ ಸಾರು ಬಡಿಸುತ್ತ, ಈಗ ತಲೆ ತಗ್ಗಿಸಿಕೊಂಡು ಇರುವ ಕಾಲ, ನೀವು ಹೇಳಿದ್ದೇ ಸರಿ ಎಂದಳು. ಒಂದಷ್ಟು ಹೊತ್ತಿನ ಮೇಲೆ, ಸಿದ್ದರಾಜುವಿನ ತಾಯಿ ಹೊಂಬಾಳಮ್ಮ ಸಂಜೆ ಮೊಸರು ಕೊಡಲು ಬಂದಿದ್ದಾಗ ಏನೂ ಮಾತಾಡಲಿಲ್ಲ, ಅಳೆದು ಹಾಕಿ ಸುಮ್ಮನೆ ಹೋದಳು ಎಂದೂ ಹೇಳಿದಳು. ಅದನ್ನು ಯಾಕೆ ಹೇಳಿದಳೋ ಅವಳಿಗೇ ಗೊತ್ತಿರಲಿಲ್ಲ. ಗಫಾರ್ ಅರ್ಧ ತಟ್ಟೆಗೇ ಕೈ ತೊಳೆದು ಎದ್ದ.

ಶುಕ್ರವಾರ ಮಧ್ಯಾಹ್ನ ಅವನು ನಮಾಜು ಮುಗಿಸಿ ಬರುವಾಗ ಸಿದ್ದರಾಜು ಶೆಡ್ಡಿನ ಮುಂದೆ ಕಾಯುತ್ತಿದ್ದ. ಆ ದಿನ ಬಸ್ಸಿಗೆ ಪೆಟ್ರೋಲಿನ ಕೂಪನ್ ಇಲ್ಲದೆ ರಜೆ. ಜಗಳಕ್ಕೆ ಬಂದಿರಬಹುದೆಂದು ಗಫಾರ್ ನಾಲ್ಕು ಮಾರು ದೂರದಲ್ಲೇ ನಿಂತ. ಆದರೆ ಸಿದ್ದರಾಜುವಿನ ದನಿಯಲ್ಲಿ ಸಿಟ್ಟಿರಲಿಲ್ಲ.

"ನಾಳಿಕೆ ನಂದು ಮುಗೀತು ಸಾಬ್ರೆ. ಅದ್ಕಲ್ಲ ಬಂದಿದ್ದು. ಮದ್ದೂರು ರೈಲ್ ಗೇಟ್ ತಾವ ಅದು ಉಸ್ರು ಇಡ್ಕತದೆ, ಬ್ಯಾರೆ ಎಲ್ಲೂ ಇಲ್ಲ. ಸೋಮವಾರ ಬರೋನಿಗೆ ಅದು ಗೊತ್ತಿಲ್ಲ. ನಾನ್ ಏಳುದ್ರೆ ವಟ್ಟೆಕಿಚ್ಚಿಗೆ ಏಳ್ದ ಅಂತಾನೆ. ಒಂದ್ ಸಲ ನನ್ ಪಕ್ಕ ಕುಂತ್ಕಂಡು ಬನ್ನಿ. ನಿಮ್ ಕಣ್ಣಾರ ನೋಡಿ, ಆಮ್ಯಾಕೆ ನಿಮ್ಮಿಷ್ಟ."

ಮದ್ದೂರು ಬಿಟ್ಟು ಮಂಡ್ಯದ ಕಡೆಗೆ, ಗೆಜ್ಜಲಗೆರೆ ಇನ್ನೂ ಮುಂದಿರುವಾಗಲೇ, ರಸ್ತೆ ರೈಲು ಹಳಿಯನ್ನು ದಾಟುತ್ತದೆ. ಹಳಿ ಎತ್ತರದಲ್ಲಿದೆ, ರಸ್ತೆ ಅದಕ್ಕೆ ಗುಡ್ಡ ಹತ್ತಿದ ಹಾಗೆ ಹತ್ತಿ ಇಳಿಯಬೇಕು. ಗಫಾರನಿಗೆ ಆ ಜಾಗ ಚೆನ್ನಾಗಿ ಗೊತ್ತು. ಬರುತ್ತೇನೆ ಎಂದ. ಇಲ್ಲ ಎನ್ನಲು ಒಂದು ನೆಪ ಹುಡುಕಿದ, ಸಿಗಲಿಲ್ಲ.

ಶನಿವಾರ ಬೆಳಗ್ಗೆ ಕಾರ್ತಿಕದ ಚಳಿ. ಗಫಾರ್ ತಲೆಗೆ ಮಫ್ಲರು ಸುತ್ತಿ, ಜೇಬಿನಲ್ಲಿ ಎರಡು ಸ್ಪ್ಯಾನರು, ಒಂದು ತಿರುಪುಳಿ ಇಟ್ಟುಕೊಂಡು ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತ. ಬಸ್ಸು ತುಂಬಿತ್ತು. ಬೆಳಕವಾಡಿಯಿಂದ ಹಿಂದಿನ ದಿನವೇ ಬಂದು ತಂಗಿದ್ದ ವ್ಯಾಪಾರಿಗಳು, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೋಗುವ ನಾಲ್ಕೈದು ಜನ, ಒಂದು ದಿಬ್ಬಣದ ಅರ್ಧ ಭಾಗ. ಅವನ ಬೆನ್ನ ಹಿಂದೆಯೇ ಪುಟ್ಟಮಾದಮ್ಮ ಎಂಬ ಮುದುಕಿ ಮಡಿಲಲ್ಲಿ ಗಂಟು ಇಟ್ಟುಕೊಂಡು ಕೂತಿದ್ದಳು. ಅವಳ ಸೊಂಟ ಬಿದ್ದು ವರ್ಷಗಳಾಗಿದ್ದವು. ಮಗ ಎತ್ತಿ ತಂದು ಕೂರಿಸಿ ಹೋಗಿದ್ದ. ಮಂಡ್ಯದಲ್ಲಿ ಮಗಳು ಹೆತ್ತಿದ್ದಾಳಂತೆ. ಅಲ್ಲಿ ಅಳಿಯ ಬಂದು ಇಳಿಸಿಕೊಳ್ಳುತ್ತಾನಂತೆ. ಇದನ್ನು ಅವಳು ಕಂಡಕ್ಟರಿಗೆ ಎರಡು ಸಲ ಹೇಳಿದಳು.

ಮದ್ದೂರಿನವರೆಗೆ ಗಾಡಿ ಗಾಳಿಯಂತೆ ಬಂತು. ಗಫಾರ್ ಪ್ರತಿ ಏರಿನಲ್ಲೂ ಸಿದ್ದರಾಜುವಿನ ಕಾಲನ್ನೇ ನೋಡುತ್ತಿದ್ದ. ಆ ಕಾಲು ಹದವಾಗಿ ಇಳಿಯುತ್ತಿತ್ತು, ಹದವಾಗಿ ಏಳುತ್ತಿತ್ತು. ಅದರಲ್ಲಿ ತಪ್ಪು ಹುಡುಕಲು ಬರುತ್ತಿರಲಿಲ್ಲ. ಎಂಜಿನ್ನಿನಲ್ಲೂ ಬರುತ್ತಿರಲಿಲ್ಲ. ಒಂದೊಂದು ಮೈಲಿಗೂ ಅವನ ಎದೆ ಹಗುರಾಗುತ್ತ ಬಂತು. ತನ್ನ ಮಾತು ಸುಳ್ಳಾಗಲಿಲ್ಲವಲ್ಲ ಎಂದುಕೊಂಡ. ಆಮೇಲೆ ಆ ಹಗುರಕ್ಕೇ ನಾಚಿಕೆಯಾಗಿ ಕಿಟಕಿಯ ಆಚೆ ತಿರುಗಿದ.

ಮದ್ದೂರಿನಲ್ಲಿ ಬಸ್ಸು ನಿಂತಿತು. ಜನ ಇಳಿದು ಕಾಫಿಗೆ ಹೋದರು. ಗಫಾರ್ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ. ಬಿಸಿ ಸುಡುತ್ತಿತ್ತು. ಒಳಗಿನಿಂದ ಪೆಟ್ರೋಲಿನ ವಾಸನೆ ಘಮ್ಮೆಂದು ಬರುತ್ತಿತ್ತು. ನಿಂತ ಎಂಜಿನ್ನಿನಿಂದ ಇಷ್ಟು ವಾಸನೆ ಯಾಕೆ ಎಂಬ ಪ್ರಶ್ನೆ ಅವನ ತಲೆಯ ಒಂದು ಮೂಲೆಯಲ್ಲಿ ಎದ್ದಿತು. ಅಷ್ಟರಲ್ಲಿ ಅವನಿಗೆ ಇನ್ನೊಂದು ಹೊಳೆಯಿತು. ಬಸ್ಸು ಶೆಡ್ಡಿಗೆ ಬಂದಾಗಲೆಲ್ಲ ರಸ್ತೆಯಿಂದ ನೇರವಾಗಿ, ಓಡುತ್ತಲೇ ಬಂದಿತ್ತು. ಓಡುತ್ತಿರುವಾಗಲೇ ಅವನು ಪರೀಕ್ಷೆ ಮಾಡಿದ್ದ. ಕಾದ ಎಂಜಿನ್ನನ್ನು ಅರ್ಧ ಗಂಟೆ ನಿಲ್ಲಿಸಿ ಮತ್ತೆ ಒಂದು ಸಲವೂ ನೋಡಿರಲಿಲ್ಲ. ಅದನ್ನು ಸಿದ್ದರಾಜುವಿಗೆ ಹೇಳೋಣವೆಂದು ತಿರುಗಿದಾಗ ಕಂಡಕ್ಟರು ಸೀಟಿ ಊದಿದ್ದ.

ಗೇಟು ಕಣ್ಣಿಗೆ ಬಿದ್ದಾಗ ಗೇಟಿನ ಕಾವಲುಗಾರ ಬೋರಯ್ಯ ಒಂದು ಕಡೆಯ ಬಾಗಿಲನ್ನು ಆಗಲೇ ಎಳೆಯತೊಡಗಿದ್ದ. ಬಸ್ಸನ್ನು ನೋಡಿ ಕೈ ತಡೆದು, ಬೇಗ ಬಾ ಎಂದು ತೋಳು ಬೀಸಿದ. ಸಿದ್ದರಾಜು ಏರಿಗೆ ಗಾಡಿ ಕೊಟ್ಟ. ಮುಂದಿನ ಚಕ್ರ ಹಳಿ ದಾಟಿತು. ಏರಿನ ನೆತ್ತಿಯಲ್ಲಿ ವೇಗ ಸತ್ತು, ಅವನು ಇನ್ನಷ್ಟು ತುಳಿದ. ಆಗ ಎಂಜಿನ್ ಏನೂ ಹೇಳಲಿಲ್ಲ. ಒಂದು ಕ್ಷಣ ಬಸ್ಸಿನಲ್ಲಿ ಎಲ್ಲ ಸದ್ದೂ ನಿಂತ ಹಾಗಾಯಿತು. ಮರುಕ್ಷಣ ಬಾನೆಟ್ಟಿನೊಳಗೆ ಪಟಾಕಿ ಸಿಡಿದ ಹಾಗೆ ಫಟ್ ಎಂದು ಸೀನಿ, ಬಸ್ಸು ಜಗ್ಗಿ ನಿಂತುಬಿಟ್ಟಿತು. ಹಳಿ ಬಸ್ಸಿನ ಹೊಟ್ಟೆಯ ಕೆಳಗಿತ್ತು.

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಮೈಸೂರಿನ ಕಡೆಯಿಂದ, ಬಹಳ ದೂರದಲ್ಲಿ, ರೈಲು ಕೂಗಿತು.

ಜನ ಒಂದೇ ಬಾಗಿಲಿಗೆ ನುಗ್ಗಿದರು. ಒಬ್ಬರ ಮೇಲೊಬ್ಬರು ಬಿದ್ದರು, ಕಿಟಕಿಯಿಂದ ಇಬ್ಬರು ಹಾರಿದರು. ಬೋರಯ್ಯ ಕೆಂಪು ಬಾವುಟ ಕಿತ್ತುಕೊಂಡು ಹಳಿಯ ಪಕ್ಕದಲ್ಲಿ ರೈಲಿನ ಕಡೆಗೆ ಓಡತೊಡಗಿದ. ಗಫಾರ್ ಕೂತಲ್ಲಿಯೇ ಕೂತಿದ್ದ. ಏಳಬೇಕೆಂದು ಅವನಿಗೆ ಗೊತ್ತಿತ್ತು; ಕಾಲುಗಳಿಗೆ ಗೊತ್ತಿರಲಿಲ್ಲ. ಅವನ ಕಣ್ಣಿಗೆ ಹಳಿ ಕಾಣುತ್ತಿತ್ತು. ಅದು ನೇರವಾಗಿ ಹೋಗಿ, ಕಬ್ಬಿನ ಗದ್ದೆಯ ಹತ್ತಿರ ಬಾಗಿ ಮರೆಯಾಗುತ್ತಿತ್ತು. ಆ ತಿರುವಿನಾಚೆ ಹೊಗೆ.

ಬೆನ್ನ ಹಿಂದಿನಿಂದ ಪುಟ್ಟಮಾದಮ್ಮನ ಕೈ ಬಂದು ಅವನ ಹೆಗಲನ್ನು ಹಿಡಿಯಿತು. "ನನ್ ಬುಟ್ಟೋಗ್ಬ್ಯಾಡ ಕಣಪ್ಪ" ಎಂದಳು. ಅವಳನ್ನು ಇಳಿಸಲು ಇಬ್ಬರು ಬೇಕಿತ್ತು. ಒಳಗೆ ಬೇರೆ ಯಾರೂ ಉಳಿದಿರಲಿಲ್ಲ. ಸಿದ್ದರಾಜು ಆಗಲೇ ಎಂಜಿನ್ ತಿರುಗಿಸುವ ಹ್ಯಾಂಡಲು ಹಿಡಿದು ಕೆಳಗೆ ಹಾರಿದ್ದ. ಎಂಜಿನ್ನಿನ ಮೂತಿಗೆ ಅದನ್ನು ಚುಚ್ಚುತ್ತ ಗಾಜಿನಾಚೆಯಿಂದ ಗಫಾರನ ಮುಖ ನೋಡಿದ. ಕೂಗಲಿಲ್ಲ.

"ಸಾಬ್ರೆ, ಬಾನೆಟ್ಟು."

ಆ ಮಾತಿಗೆ ಕಾಲು ಬಂತು. ಗಫಾರ್ ಇಳಿದು, ಬಾನೆಟ್ಟಿನ ಪಕ್ಕ ಎತ್ತಿ, ಗಾಳಿ ಸೋಸುವ ಡಬ್ಬಿಯನ್ನು ಕಿತ್ತೆಸೆದು ಕಾರ್ಬೊರೇಟರಿನ ಬಾಯಲ್ಲಿ ಇಣುಕಿದ. ಸಲಾಕೆಯನ್ನು ಬೆರಳಿನಿಂದ ಎಳೆದ. ಹಾಗೆ ಎಳೆದ ಕೂಡಲೇ ಗಂಟಲಿನೊಳಗೆ ಪೆಟ್ರೋಲಿನ ಒಂದು ಸಣ್ಣ ಎಳೆ ಚಿಮ್ಮಬೇಕು. ಚಿಮ್ಮಲಿಲ್ಲ. ಮತ್ತೆ ಎಳೆದ. ಗಂಟಲು ಒಣಗಿತ್ತು. ಸಿದ್ದರಾಜು ಮೂರು ಸಲ ಬಂದು ಹೇಳಿದ್ದೆಲ್ಲ ಆ ಒಣ ಗಂಟಲಿನಲ್ಲಿ ಅವನಿಗೆ ಒಮ್ಮೆಗೇ ಕಂಡಿತು.

ಗಾಳಿಯ ಬಾಯಿ ಮುಚ್ಚುವ ಚೋಕಿನ ತಂತಿ ಈ ಕಾರ್ಬೊರೇಟರಿಗೆ ಹೊಂದದೆ ಅವನೇ ಕಟ್ಟದೆ ಬಿಟ್ಟಿದ್ದ. ಬಾಯಿ ಮುಚ್ಚಿದರೆ ಎಂಜಿನ್ ಗಾಳಿ ಸಿಗದೆ ಪೆಟ್ರೋಲನ್ನೇ ಎಳೆಯುತ್ತದೆ. ಮುಚ್ಚಲು ಇದ್ದದ್ದು ಅಂಗೈ ಒಂದೇ. ಮತ್ತೆ ಸೀನಿದರೆ ಬೆಂಕಿ ಬರುವುದು ಆ ಅಂಗೈಗೇ. ಅವನು ಬಲಗೈಯನ್ನು ಬಾಯಿಯ ಮೇಲೆ ಒತ್ತಿ, ತಿರುಗಿಸು ಎಂದ. ಸಿದ್ದರಾಜು ತಿರುಗಿಸಿದ. ಒಂದು ಸುತ್ತು. ಎರಡು. ಮೂರನೆಯದಕ್ಕೆ ಎಂಜಿನ್ ಸೀನಿತು. ಅಂಗೈಯ ನಡುವಿಗೆ ಕಾದ ಮೊಳೆ ಹೊಡೆದ ಹಾಗಾಯಿತು. ರೈಲು ಮತ್ತೆ ಕೂಗಿತು, ಈ ಸಲ ಹತ್ತಿರ. ಕೈ ತೆಗೆಯಬೇಕೆಂದು ಮೈಯೆಲ್ಲ ಕೂಗುತ್ತಿದ್ದರೂ ಅವನು ತೆಗೆಯಲಿಲ್ಲ. ಬಾಯಲ್ಲಿ ಕಲಿಮಾ ಬರುತ್ತಿತ್ತು, ಅರ್ಧಕ್ಕೇ ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಬರುತ್ತಿತ್ತು. ನಾಲ್ಕನೆಯ ಸುತ್ತಿಗೆ ಎಂಜಿನ್ ಹಿಡಿಯಿತು.

ಸಿದ್ದರಾಜು ಹ್ಯಾಂಡಲನ್ನು ಬಿಟ್ಟು ಮೇಲಕ್ಕೆ ಹಾರಿದ. ಗಫಾರ್ ಮಡ್‌ಗಾರ್ಡಿನ ಮೇಲೆ ಹತ್ತಿ, ಬಾನೆಟ್ಟಿಗೆ ಎದೆ ಆನಿಸಿ ಮಲಗಿದ. ಅಂಗೈಯನ್ನು ಅರ್ಧ ತೆರೆದು, ಅರ್ಧ ಮುಚ್ಚಿ, ಎಂಜಿನ್ನಿನ ಉಸಿರನ್ನು ತನ್ನ ಕೈಯಿಂದಲೇ ಅಳೆದು ಕೊಡುತ್ತ ಹೋದ. ಬಸ್ಸು ಒಂದು ಅಡಿ, ಎರಡು ಅಡಿ ಸರಿಯಿತು. ಹಿಂದಿನ ಚಕ್ರ ಹಳಿ ಹತ್ತಿ ಧಡಕ್ಕೆಂದು ಇಳಿಯಿತು. ಆಮೇಲೆ ಇಳಿಜಾರೇ ಅದನ್ನು ಎಳೆದುಕೊಂಡಿತು.

ರೈಲು ನಿಧಾನವಾಗಿ ಬಂತು. ಬೋರಯ್ಯನ ಬಾವುಟ ನೋಡಿ ವೇಗ ಇಳಿಸಿತ್ತು. ಕಿಟಕಿಗಳಲ್ಲಿ ಜನ ಕೂತಿದ್ದರು. ಒಬ್ಬಳು ಮಗುವಿನ ಮೂಗು ಒರೆಸುತ್ತಿದ್ದಳು, ಒಬ್ಬ ಎಲೆ ಅಡಿಕೆ ಉಗಿದ. ಒಂದೊಂದೇ ಡಬ್ಬಿ ದಾಟಿಹೋಯಿತು. ರಸ್ತೆಯ ಎರಡೂ ಬದಿಯಲ್ಲಿ ನಿಂತ ಜನ ಅದನ್ನು ನೋಡಿದರು.

ಮಾತು ಬಂದದ್ದು ಆಮೇಲೆ. ಬಂದದ್ದೇ ಸಿದ್ದರಾಜುವಿನ ಮೇಲೆ ಬಂತು. ಗೇಟು ಹಾಕುವುದು ಕಂಡೂ ನುಗ್ಗಿಸಿದನಲ್ಲ, ಇವನನ್ನು ಹೀಗೇ ಬಿಡಬಾರದು ಎಂದ ಬೆಳಕವಾಡಿಯ ಒಬ್ಬ ವ್ಯಾಪಾರಿ. ದಿಬ್ಬಣದ ಗಂಡಸರು ಸುತ್ತುಗಟ್ಟಿದರು. ಒಬ್ಬ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದ. ಸಿದ್ದರಾಜು ಕೈ ಎತ್ತಲಿಲ್ಲ, ಬಾಯಿ ಬಿಡಲಿಲ್ಲ. ಒಂದು ಸಲವೂ ಗಫಾರನ ಕಡೆ ನೋಡಲಿಲ್ಲ.

ಗಫಾರ್ ಬಾನೆಟ್ಟಿನ ಮರೆಯಲ್ಲಿ ನಿಂತು ಎಡಗೈಯಿಂದ ಕಾರ್ಬೊರೇಟರಿನ ಮುಚ್ಚಳ ಬಿಚ್ಚುತ್ತಿದ್ದ. ಆಕ್ಸಿಲೇಟರು ತುಳಿದಾಗ ಎಂಜಿನ್ನಿಗೆ ಒಂದು ಗುಟುಕು ಪೆಟ್ರೋಲನ್ನು ಹೆಚ್ಚಿಗೆ ಚಿಮ್ಮಿಸಲು ಅದರೊಳಗೆ ಕಿರುಬೆರಳಿನಷ್ಟು ಪಂಪು ಇರುತ್ತದೆ. ಪಂಪಿನ ತುದಿಗೆ ಬಟ್ಟಲಿನ ಆಕಾರದ ತೊಗಲು. ಅದು ಹೊರಗೆ ಬಂತು. ಎಷ್ಟು ವರ್ಷ ಆ ಮೇಣದ ಕಾಗದದಲ್ಲಿ ಒಣಗಿತ್ತೋ, ಅಂಚು ಸೊರಗಿ ಒಳಕ್ಕೆ ಮಡಚಿತ್ತು. ರಾತ್ರಿಯೆಲ್ಲ ಪೆಟ್ರೋಲಿನಲ್ಲಿ ನೆನೆದು ಬೆಳಗ್ಗೆ ಹೇಗೋ ಕೆಲಸ ಮಾಡುತ್ತಿತ್ತು. ಮದ್ದೂರಿನಲ್ಲಿ ನಿಂತಾಗ ಎಂಜಿನ್ನಿನ ಕಾವಿಗೆ ಪೆಟ್ರೋಲು ಆರಿ, ತೊಗಲು ಮತ್ತೆ ಮುದುಡುತ್ತಿತ್ತು. ಗೇಟಿನ ಏರಿನಲ್ಲಿ ಮೊದಲ ಸಲ ಕಾಲು ಬಲವಾಗಿ ತುಳಿದಾಗ ಅಲ್ಲಿ ಚಿಮ್ಮಲು ಏನೂ ಇರುತ್ತಿರಲಿಲ್ಲ.

ಅದು ಅವನ ಬೆರಳ ತುದಿಯಲ್ಲಿತ್ತು. ಹುಣಿಸೆ ಬೀಜಕ್ಕಿಂತ ದೊಡ್ಡದಲ್ಲ. ಜೇಬಿಗೆ ಹಾಕಿಕೊಂಡರೆ ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ. ಹೊಸ ತೊಗಲು ಕತ್ತರಿಸಿ ಹಾಕಿದರೆ ಸೋಮವಾರದಿಂದ ಗಾಡಿ ಸರಿಯಾಗಿ ಓಡುತ್ತದೆ. ಹೊಸ ಡ್ರೈವರು ಬಂದ, ಸರಿಯಾಯಿತು ಎನ್ನುತ್ತಾರೆ. ಸುತ್ತ ಮೂವತ್ತು ಜನ, ಈಗಷ್ಟೇ ಸಾವನ್ನು ಕಂಡವರು, ಯಾರಿಗಾದರೂ ಹೊಡೆಯಲು ಕೈ ಕಾಯುತ್ತಿರುವವರು. ತಾನು ಒಬ್ಬ. ಜಾನ್ ಬೀ ಹೇಳಿದ ಮಾತು ಕಿವಿಯಲ್ಲಿತ್ತು. ರೈಲಿಗೆ ಹೆದರಿದ್ದು ಈ ಹೆದರಿಕೆಯ ಮುಂದೆ ಏನೂ ಅಲ್ಲ.

ಅವನು ಬಾನೆಟ್ಟಿನ ಮರೆಯಿಂದ ಈಚೆ ಬಂದ.

"ಅವನ್ನ ಬುಡಿ. ಅವನ್ ತಪ್ಪಲ್ಲ. ಇದು ಕೆಟ್ಟಿತ್ತು. ಹಾಕ್ದೋನು ನಾನು. ಅವ್ನು ಮೂರ್ ಸಲ ಏಳ್ದ, ನಾನ್ ಬಿಚ್ಚಿ ನೋಡ್ನಿಲ್ಲ."

ಸುಟ್ಟ ಅಂಗೈಯ ಮೇಲೆ ಆ ತೊಗಲಿನ ಚೂರು ಇಟ್ಟು ಮುಂದೆ ಹಿಡಿದ. ಕೊರಳಪಟ್ಟಿ ಹಿಡಿದಿದ್ದವನ ಕೈ ಸಡಿಲಾಯಿತು. ಎಲ್ಲರೂ ಈಗ ಗಫಾರನ ಕಡೆ ತಿರುಗಿದರು. ವ್ಯಾಪಾರಿ ಅವನ ಗಡ್ಡ ನೋಡಿದ, ಮಫ್ಲರು ನೋಡಿದ, ಆಮೇಲೆ ಕೇಳಿದ.

"ಯಾವೂರು ಸಾಬ್ರು ನೀವು?"

"ಮಳವಳ್ಳಿ" ಎಂದ ಗಫಾರ್. ಅದಕ್ಕಿಂತ ಹೆಚ್ಚಿಗೆ ಹೇಳಲು ಅವನ ಬಳಿ ಏನೂ ಇರಲಿಲ್ಲ. ಅಜ್ಜನ ಹೆಸರು ಹೇಳಬೇಕೆ, ಅಪ್ಪನ ಗೋರಿ ಇರುವ ಜಾಗ ಹೇಳಬೇಕೆ ಎಂದು ಒಂದು ಕ್ಷಣ ಯೋಚಿಸಿದ. ಯಾರೋ ಹಿಂದಿನಿಂದ ಏನೋ ಅಂದರು, ಕೇಳಿಸಲಿಲ್ಲ. ಅವನು ಕಣ್ಣು ನೆಲಕ್ಕೆ ಹಾಕಿ ಕಾದ. ಆಗ ಬಸ್ಸಿನೊಳಗಿನಿಂದ, ಇಳಿಯಲಾಗದೆ ಕೂತೇ ಇದ್ದ ಪುಟ್ಟಮಾದಮ್ಮ ಕಿಟಕಿಯಲ್ಲಿ ತಲೆ ಹಾಕಿದಳು.

"ಆಗಿದ್ದಾಯ್ತು, ಈಗ ಮಂಡ್ಯಕ್ಕೆ ಓಯ್ತದೋ ಇಲ್ವೋ ಅದ್ನ ಏಳಿ. ಬಾಣ್ತಿ ಕಾಯ್ತಾ ಅವ್ಳೆ."

ಯಾರೂ ನಗಲಿಲ್ಲ, ಆದರೆ ಗುಂಪು ಒಡೆಯಿತು. ಗಫಾರ್ ತೊಗಲನ್ನು ನೆನೆಸಲು ಎಣ್ಣೆ ಬೇಕೆಂದ. ಎಂಜಿನ್ನಿನ ಎಣ್ಣೆ ಆಗುವುದಿಲ್ಲ, ಪೆಟ್ರೋಲಿಗೆ ತೊಳೆದುಹೋಗುತ್ತದೆ, ಹರಳೆಣ್ಣೆ ಸಿಕ್ಕರೆ ತಡೆಯುತ್ತದೆ. ಮುದುಕಿ ಗಂಟು ಬಿಚ್ಚಿ, ಬಾಣಂತಿಗೆಂದು ಮನೆಯಲ್ಲೇ ಕಾಯಿಸಿ ತೆಗೆದಿದ್ದ ಎಣ್ಣೆಯ ಶೀಸೆಯನ್ನು ಕೊಟ್ಟಳು. ಅದರಿಂದ ನಾಲ್ಕು ತೊಟ್ಟು ಹಾಕಿ ಅವನು ರಸ್ತೆಯ ಬದಿಯಲ್ಲಿ ಕೂತು ತೊಗಲಿನ ಅಂಚನ್ನು ಹೆಬ್ಬೆರಳಿನಿಂದ ಹೊರಕ್ಕೆ ತೀಡಿದ, ತೀಡುತ್ತಲೇ ಇದ್ದ. ಉಳಿದ ಎಣ್ಣೆಯಲ್ಲಿ ಒಂದಿಷ್ಟನ್ನು ಅವಳೇ ಕಿಟಕಿಯಿಂದ ಕೈ ಚಾಚಿ ಅವನ ಅಂಗೈಗೆ ಹಚ್ಚಿದಳು. ಅರ್ಧ ಗಂಟೆಯ ಮೇಲೆ ಪಂಪನ್ನು ಕೂಡಿಸಿ ಸಲಾಕೆ ಎಳೆದಾಗ ಗಂಟಲಿನೊಳಗೆ ಪೆಟ್ರೋಲಿನ ಎಳೆ ಚಿಮ್ಮಿತು. ಸಿದ್ದರಾಜುವನ್ನು ಕರೆದು ಅವನಿಗೂ ತೋರಿಸಿದ. ಆರೇಳು ಜನ ಆ ಬಸ್ಸನ್ನು ಮತ್ತೆ ಹತ್ತಲಿಲ್ಲ. ಮದ್ದೂರು ಸ್ಟೇಷನ್ನಿನ ಕಡೆಗೆ ನಡೆದುಹೋದರು. ವ್ಯಾಪಾರಿ ಹತ್ತಿದ, ಆದರೆ ಬಾಗಿಲ ಹತ್ತಿರದ ಸೀಟಿನಲ್ಲಿ ಕೂತ.

ಸಂಜೆ ಮರಳುವಾಗ ಅದೇ ಗೇಟು ಬಂತು. ಸಿದ್ದರಾಜು ಹಳಿಗೆ ಇಪ್ಪತ್ತು ಮಾರು ಇರುವಾಗ ಬಸ್ಸು ನಿಲ್ಲಿಸಿ, ಎಲ್ಲರನ್ನೂ ಇಳಿಸಿ ನಡೆಸಿದ. ಗಫಾರ್ ಇಳಿಯಲಿಲ್ಲ. ಬಸ್ಸು ಏರು ಹತ್ತಿ ದಾಟುವವರೆಗೆ ಇಬ್ಬರೂ ಉಸಿರು ಬಿಡಲಿಲ್ಲ. ದಾಟಿದ ಮೇಲೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಳವಳ್ಳಿಗೆ ಸುದ್ದಿ ಬಸ್ಸಿಗಿಂತ ಮುಂಚೆ ತಲುಪಿತ್ತು. ಕರಿಯಪ್ಪಗೌಡರು ನಿಲ್ದಾಣದ ಹುಣಿಸೆ ಮರದ ಕೆಳಗೆ ಕೂತಿದ್ದರು. ಸುತ್ತ ಹತ್ತಾರು ಜನ. ಗಫಾರ್ ಎಲ್ಲರ ಎದುರಿಗೇ ಎಲ್ಲವನ್ನೂ ಹೇಳಿದ, ಬುಧವಾರ ತಾನು ಆಡಿದ ಮಾತನ್ನೂ ಸೇರಿಸಿ. ಹೆದರಿ ಹಾಗೆ ಹೇಳಿದೆ ಎಂದ. ಯಾತಕ್ಕೆ ಹೆದರಿದೆ ಎಂದು ಗೌಡರು ಕೇಳಲಿಲ್ಲ. ತೊಗಲಿನ ತುಂಡು ಈಗ ಗಾಡಿಯೊಳಗಿದ್ದುದರಿಂದ ತೋರಿಸಲು ಅವನ ಬಳಿ ಏನೂ ಇರಲಿಲ್ಲ. ಸುಟ್ಟ ಅಂಗೈಯನ್ನು ಮಡಚಿ ಬೆನ್ನ ಹಿಂದೆ ಇಟ್ಟುಕೊಂಡಿದ್ದ.

ಗೌಡರು, "ಆ ಮುದ್ಕಿ ಒಳಗೇ ಇದ್ಲಾ?" ಎಂದರು.

"ಒಳಗೇ ಇದ್ರು ಗೌಡ್ರೆ."

ಗೌಡರು ಎದ್ದರು. ಸಿದ್ದರಾಜುವಿನ ಕಡೆ ತಿರುಗಿ, ಕೊಳ್ಳೇಗಾಲದವನಿಗೆ ಬರಬೇಡ ಎಂದು ಹೇಳಿಕಳಿಸುತ್ತೇನೆ ಎಂದರು. ಗಫಾರನಿಗೆ ಹೇಳಿದ್ದು ಬೇರೆ.

"ನಾಳೆ ಗಾಡಿ ನಿನ್ ಸೆಡ್ಡಿಗೆ ಬತ್ತದೆ. ಒಂದ್ ಮೊಳೆ ಬುಡದಂಗೆ ಎಲ್ಲಾನು ಬಿಚ್ಚು. ನಾನೂ ಬಂದು ಕುಂತ್ಕತೀನಿ."

ಅದು ನಂಬಿಕೆಯ ಮಾತೋ ಅಪನಂಬಿಕೆಯ ಮಾತೋ ಗಫಾರನಿಗೆ ಮನೆ ತಲುಪಿದರೂ ಬಿಡಿಸಲಾಗಲಿಲ್ಲ. ಜಾನ್ ಬೀ ಅಂಗೈ ನೋಡಿ ಅತ್ತಳು. ಎಲ್ಲರೆದುರು ಹೇಳಿದಿರಾ ಎಂದಷ್ಟೇ ಕೇಳಿದಳು. ಹೇಳಿದೆ ಎಂದ. ಅವಳು ಬಟ್ಟೆ ಕಟ್ಟಿ ಮುಗಿಸುವವರೆಗೆ ಹೊರಗಿನ ಹೆಜ್ಜೆ ಸದ್ದುಗಳಿಗೆ ಇಬ್ಬರೂ ಕಿವಿಗೊಟ್ಟಿದ್ದರು. ಹೆಜ್ಜೆಗಳು ಬಂದವು, ಹೋದವು.

ಭಾನುವಾರ ಬಿಸಿಲೇರುವ ಮುಂಚೆಯೇ ಬಸ್ಸು ಬಂತು, ಹಿಂದೆಯೇ ಗೌಡರು ಬಂದರು. ಗಫಾರನ ಕೈ ಸ್ಪ್ಯಾನರು ಹಿಡಿಯುವ ಹಾಗಿರಲಿಲ್ಲ. ಅವನು ಹೇಳಿದ, ಸಿದ್ದರಾಜು ಬಿಚ್ಚಿದ. ನೆಲದ ಮೇಲೆ ಜಾನ್ ಬೀಯ ಹಳೆಯ ಬಿಳಿ ಸೀರೆಯ ತುಂಡು ಹಾಸಿ ಅದರ ಮೇಲೆ ಒಂದೊಂದನ್ನೇ ಸಾಲಾಗಿ ಇಟ್ಟರು: ಪೆಟ್ರೋಲು ಹಾಯುವ ಹಿತ್ತಾಳೆಯ ಜೆಟ್ಟುಗಳು, ಎಳ್ಳುಕಾಳಿನಷ್ಟು ಗುಂಡುಗಳು, ಸಣ್ಣ ಸಣ್ಣ ಸ್ಪ್ರಿಂಗು, ಉಗುರಿನ ಅಂಚಿನಷ್ಟು ತೆಳುವಾದ ವಾಷರುಗಳು. ಹೊತ್ತು ಏರಿದ ಮೇಲೆ ಕೆರೆಯ ಕಡೆಯಿಂದ ಗಾಳಿ ಎದ್ದು ಬಟ್ಟೆಯ ಒಂದು ಅಂಚನ್ನು ಪಟಪಟನೆ ಎತ್ತತೊಡಗಿತು. ಕರಿಯಪ್ಪಗೌಡರು ಕಲ್ಲಿನಿಂದ ಇಳಿದು ನೆಲದಲ್ಲಿ ಕೂತರು. ಆ ಅಂಚಿನ ಮೇಲೆ ಎರಡು ಬೆರಳು ಊರಿ, ಸಾಮಾನುಗಳಿಗೆ ತಾಕದಂತೆ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿಕೊಂಡು, ಹಾಗೆಯೇ ಇದ್ದರು.